ಕರಿ ಜೀರುಂಡೆಯ ಹೆಮ್ಮಿಂಗ್

ನನ್ನ ತಂಗಿಯ ಮಗಳು ಜೀರುಂಡೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ನಮ್ಮ ಕಡೆಯವಲ್ಲ, ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದವು. ಕಳೆದ ಬೇಸಿಗೆ ಎರಡು ತಿಂಗಳು ಅಲ್ಲಿದ್ದು ಬಂದವಳು, ಹೊಳೆನರಸೀಪುರದ ನಮ್ಮ ಮನೆಗೆ ಒಂದು ವಾರಕ್ಕೆಂದು ಬಂದಳು. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಉಳಿದದ್ದೆಲ್ಲ ಫೋಟೊ. ಒಂದೊಂದರಲ್ಲೂ ಅಂಗೈಯಗಲ ದೊಡ್ಡದು ಮಾಡಿದ ಒಂದು ಕರಿ ಜೀರುಂಡೆ.

ಮುಖ ಮಾತ್ರ ಸಪ್ಪಗಿತ್ತು. ಇವು ಎರಡು ಜಾತಿ ಅಂತ ಅವಳು, ಎಲ್ಲ ಒಂದೇ ಅಂತ ಅವಳ ಗೈಡು. ಸೋಮವಾರದೊಳಗೆ ಕಣ್ಣಿಗೆ ಕಾಣುವಂಥ ವ್ಯತ್ಯಾಸ ತೋರಿಸದಿದ್ದರೆ ಆ ಅಧ್ಯಾಯವನ್ನೇ ಕೈಬಿಡಬೇಕಂತೆ.

"ನೋಡಿ ನೋಡಿ ನನ್ನ ಕಣ್ಣು ಮಂಜಾಗೋಗಿದೆ. ನೀನೊಂದು ಸಲ ನೋಡು ದೊಡ್ಡಮ್ಮ. ಏನೂ ಗೊತ್ತಿಲ್ಲದವರು ನೋಡಿದರೇ ಒಳ್ಳೇದು."

"ಅದಕ್ಕಾದರೆ ನಾನು ತಕ್ಕವಳು ಬಿಡು," ಅಂದೆ.

ಸಂಜೆ ಹಾಲಿನಲ್ಲಿ ಚಾಪೆ ಹಾಸಿ ಎಲ್ಲ ಹರಡಿಕೊಂಡು ಕೂತೆವು. ನಮ್ಮತ್ತೆ ಕನ್ನಡಕ ಒರೆಸಿಕೊಳ್ಳುತ್ತಾ ಬಂದು, "ಯಾವೂರಿನ ವರಗಳೇ ಇವು?" ಅಂದರು. ಬಗ್ಗಿ ನೋಡಿ, "ಆರು ಕಾಲಿದೆ. ಪೇಟೆಗೆ ಕಳಿಸಿದರೆ ಬೇಗ ಬರ್ತಾನೆ," ಅಂತ ಒಳಗೆ ಹೋದರು.

ಅರ್ಧ ಗಂಟೆಯಲ್ಲಿ ನಾನು ಎರಡು ಗುಂಪು ಮಾಡಿಬಿಟ್ಟೆ. ಕೆಲವಕ್ಕೆ ಮುಂಗಾಲಿನ ಪಾದ ಅಗಲ, ಕೆಲವಕ್ಕೆ ಸಣ್ಣ. ಹೆಮ್ಮೆಯಿಂದ ತೋರಿಸಿದರೆ ಹುಡುಗಿ ನಕ್ಕಳು. "ಗಂಡು ಹೆಣ್ಣು ಬೇರೆ ಮಾಡಿದೀಯ ದೊಡ್ಡಮ್ಮ. ಅಗಲ ಪಾದದ್ದೆಲ್ಲ ಗಂಡು."

"ವರಗಳು ಅಂತ ನಾನು ಹೇಳಲಿಲ್ವೇ," ಅಂತ ಅಡಿಗೆಮನೆಯಿಂದ ಅತ್ತೆ.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮತ್ತೆ ಕೂತೆ. ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಮೊದಲು ನೋಡುತ್ತಿದ್ದುದೇ ಬಟ್ಟೆಯ ಅಂಚನ್ನು. ನನಗೂ ಅದೇ ಅಭ್ಯಾಸ. ಈ ಹುಳಗಳಿಗೆ ತಲೆಯ ಹಿಂದೆ ಕಾಲರಿನಂಥ ಒಂದು ಭಾಗ, ಅದರ ಸುತ್ತ ಬಟ್ಟೆಯ ಅಂಚು ಮಡಿಸಿ ಹೆಮ್ಮಿಂಗ್ ಮಾಡಿದ ಹಾಗೆ ಸಣ್ಣ ಏರು. ಕೆಲವದರಲ್ಲಿ ಆ ಏರು ಪೂರ್ತಿ ಸುತ್ತಿ ಬಂದಿತ್ತು. ಕೆಲವದರಲ್ಲಿ ಮುಂದುಗಡೆ, ನಡು ಮಧ್ಯದಲ್ಲಿ, ದಾರ ಸಾಲದೆ ಬಿಟ್ಟ ಹಾಗೆ ನಿಂತುಹೋಗಿತ್ತು. ಸಿಸ್ಟರ್ ಆಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಗಂಡಿನಲ್ಲೂ ಎರಡು ತರಹ, ಹೆಣ್ಣಿನಲ್ಲೂ ಎರಡು ತರಹ. ಈ ಸಲ ಅಂಚು ನೋಡಿ ಎರಡು ಗುಂಪು ಮಾಡಿದೆ.

ಹೆಮ್ಮಿಂಗ್ ನೋಡು ಅಂತ ಹುಡುಗಿಗೆ ತೋರಿಸಿದೆ. ಯಾವುದು ಎಲ್ಲಿ ಸಿಕ್ಕಿದ್ದು, ಬೆಟ್ಟದಲ್ಲೋ ಕಡಲ ದಂಡೆಯ ಮರಳಿನಲ್ಲೋ ಅಂತ ಅವಳು ಪ್ರತಿ ಫೋಟೊದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ನನ್ನ ಗುಂಪುಗಳನ್ನು ಒಂದೊಂದಾಗಿ ಮಗುಚತೊಡಗಿದಳು. ಅಂಚು ಪೂರ್ತಿಯಿದ್ದವು: ಬೆಟ್ಟ, ಬೆಟ್ಟ, ಬೆಟ್ಟ. ಅಂಚು ತುಂಡಾದವು: ಮರಳು, ಮರಳು. ಅವಳ ದನಿ ಏರುತ್ತಾ ಹೋಯಿತು. ಬೆಟ್ಟದ ಗುಂಪಿನ ಕೊನೆಯದನ್ನು ಮಗುಚಿದರೆ, ಮರಳು.

"ನಾನೇ ತಪ್ಪು ನೋಡಿರಬೇಕು," ಅಂದೆ.

ಅವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. "ಇಲ್ಲ, ಅಂಚು ಪೂರ್ತಿಯಿದೆ. ಬೆಟ್ಟದ್ದೇ ಇಳಿದು ಬಂದಿದೆ. ಮರಳಿನವುಗಳ ಜೊತೆಗೇ ಇದ್ದೂ ತನ್ನ ಅಂಚು ಬಿಟ್ಟಿಲ್ಲ ನೋಡು. ಜಾಗದಿಂದ ಬಂದ ವ್ಯತ್ಯಾಸ ಅಲ್ಲ, ಜಾತಿಯೇ ಬೇರೆ ಅಂತಾಯ್ತು. ಇನ್ನೂ ಒಳ್ಳೇದಾಯ್ತು."

ಗೈಡಿಗೆ ಅಲ್ಲೇ ಫೋನ್ ಹಚ್ಚಿದಳು. ಗಡಿಬಿಡಿಯಲ್ಲಿ "ಹೆಮ್ಮಿಂಗ್ ಸರ್" ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡು ಆ ಏರಿನ ಸರಿಯಾದ ಹೆಸರು ಹೇಳಿದಳು. ಫೋಟೊಗಳನ್ನು ಒಂದೊಂದಾಗಿ ಕಳಿಸಿದಳು. ಆಮೇಲೆ, "ಸರಿಯಮ್ಮ, ಬರಿ. ಸೋಮವಾರ ತಗೊಂಡು ಬಾ," ಅಂತ ಅವರು ಅಂದದ್ದು ನನಗೂ ಕೇಳಿಸಿತು.

ಬಂದಾಗಿನಿಂದ ಅರ್ಧ ರೊಟ್ಟಿಗೇ ಏಳುತ್ತಿದ್ದವಳು ಅವತ್ತು ಒಲೆಯ ಪಕ್ಕ ನಿಂತೇ ನಾಲ್ಕು ಅಕ್ಕಿರೊಟ್ಟಿ ತಿಂದಳು. ಐದನೆಯದನ್ನು ಅತ್ತೆ ಕೇಳದೆಯೇ ತಟ್ಟೆಗೆ ಹಾಕಿದರು.