'ಸೇ' ಗುರುತಿನ ಗರಗಸ

ನಮ್ಮನೆಯವರ ಹೆಸರು ಸೇತುರಾಮ. ಆ ಹೆಸರಿನ ಮೊದಲ ಅಕ್ಷರದ ಜೊತೆಯಲ್ಲೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದು ಅಂದರೂ ತಪ್ಪಿಲ್ಲ.

ರಾಜಾಜಿನಗರದಲ್ಲಿ 'ಶರಭ' ಅಂತ ಮರ ಕೊಯ್ಯುವ ಯಂತ್ರ ಮಾಡುವ ಕಾರ್ಖಾನೆಯಿತ್ತು. ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ತಲೆ ಎತ್ತಿದ ದುಂಡು ಗರಗಸ. ಟೇಬಲ್ ಸಾ ಅನ್ನುತ್ತಾರೆ. ಇವರು ಅಲ್ಲಿ ಇನ್‌ಸ್ಪೆಕ್ಟರ್. ತಯಾರಾದ ಯಂತ್ರವನ್ನು ಓಡಿಸಿ ನೋಡಿ, ಸರಿಯಿದ್ದರೆ ಮೇಜಿನ ಅಡಿಗೆ ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಒಂದೇಟು ಹಾಕುವುದು ಇವರ ಕೆಲಸ. ಉಳಿದವರ ಅಚ್ಚಿನಲ್ಲಿ ನಂಬರಿತ್ತು. ಇವರು ಮಾತ್ರ ಹಟ ಮಾಡಿ 'ಸೇ' ಅಂತ ಕನ್ನಡ ಅಕ್ಷರ ಮಾಡಿಸಿಕೊಂಡಿದ್ದರು. ಒಮ್ಮೆ ಕೈತಪ್ಪಿ ಬಿದ್ದು ಅದರ ದೀರ್ಘದ ಬಾಲ ಮುಕ್ಕಾಯಿತು, ಆದರೂ ಬದಲಾಯಿಸಲಿಲ್ಲ. ಒಂದು ಭಾನುವಾರ ಅದನ್ನು ಮನೆಗೆ ತಂದು ನನ್ನ ಹಿತ್ತಾಳೆ ಚೊಂಬಿಗೂ ಈಳಿಗೆ ಮಣೆಗೂ ಹೊಡೆದಿದ್ದರು. ಪಾತ್ರೆಗೆ ಹೆಸರು ಹಾಕುವುದು ಕಳೆದುಹೋಗದಿರಲಿ ಅಂತ, ಯಂತ್ರಕ್ಕೆ ಹಾಕುವುದು ಕೆಟ್ಟರೆ ನನ್ನನ್ನು ಕೇಳಲಿ ಅಂತ, ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ನಮ್ಮ ಮನೆಯ ಪುರಾಣ ಇಷ್ಟು. ಎರಡು ಸಾವಿರದ ಒಂಬತ್ತರಲ್ಲಿ ಕಂಪನಿ ನೆಲಕಚ್ಚುತ್ತಾ ಬಂತು. ಕರೆಂಟು ದಂಡ, ಹೊತ್ತು ದಂಡ ಅಂತ ಯಜಮಾನರು ಯಂತ್ರ ಓಡಿಸಿ ನೋಡುವುದನ್ನೇ ನಿಲ್ಲಿಸಿದರು. ಸುಮ್ಮನೆ ಅಚ್ಚು ಹೊಡೆದು ಕಳಿಸಿ ಅಂದರು. ಇವರು ಆ ವರ್ಷದ ಆಯುಧಪೂಜೆಯ ದಿನ ಅಚ್ಚಿಗೆ ಕುಂಕುಮ ಇಟ್ಟು, ಡ್ರಾಯರಿನೊಳಗೆ ಹಾಕಿ ಬೀಗ ಜಡಿದರು, ಮತ್ತೆ ಕಂಪನಿ ಮುಚ್ಚುವವರೆಗೆ ತೆಗೆಯಲಿಲ್ಲ. ಆ ಸಿಟ್ಟಿಗೇ ಯಜಮಾನರು ಕೊನೆಗೆ ಇವರಿಗೆ ಬರಬೇಕಾದ್ದನ್ನೆಲ್ಲ ನುಂಗಿದರು. ಕಾರ್ಖಾನೆ ಹೋಗಿ ಅಪಾರ್ಟ್‌ಮೆಂಟ್ ಬಂತು, ಅಚ್ಚು ನಮ್ಮ ದೇವರ ಗೂಡಿಗೆ ಬಂತು. ನಾವು ಮಾತ್ರ ಆರ್‌ಪಿಸಿ ಲೇಔಟಿನ ಅದೇ ಬಾಡಿಗೆ ಮಹಡಿಯಲ್ಲಿ ಉಳಿದೆವು. ಬಸವೇಶ್ವರನಗರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ ನನ್ನ ಅಣ್ಣ ಸುಧೀಂದ್ರ ಗೃಹಪ್ರವೇಶದ ದಿನ ಎಲ್ಲರೆದುರು, ನಿನ್ನ ಗಂಡ ಒಂದೇಟು ಹೊಡೆದಿದ್ದರೆ ನಿನಗೂ ಒಂದು ಮನೆ ಆಗುತ್ತಿತ್ತು ಕಣೇ, ಅಂತ ನಕ್ಕ. ನಾನು ಎಲೆ ಮುಂದಿನಿಂದ ಎದ್ದು ಬಂದೆ. ನಮ್ಮವರು ಹೊಡೆಯಲಿಲ್ಲ, ಅದೇ ನನಗೆ ಮನೆ ಅಂತ ಅಂದು ಬಂದೆ. ಆಮೇಲೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಣ್ಣ ಹೋದಾಗಲೂ ಮುಖ ನೋಡಿದ್ದು ಸ್ಮಶಾನಕ್ಕೆ ಹೊರಟ ಗಾಡಿಯ ಹತ್ತಿರ, ಬೀದಿಯಲ್ಲಿ ನಿಂತು.

ಹೋದ ವರ್ಷ ಕೆಳಗಿನ ಮನೆಯ ಕಶ್ಯಪ್ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಕೆಂಗೇರಿಯಲ್ಲಿ ಹಳೆಯ ಶರಭ ಟೇಬಲ್ ಸಾ ಮಾರಾಟಕ್ಕಿದೆ. ಕಂಪನಿಯೇ ಇಲ್ಲ, ಬಿಡಿಭಾಗ ಸಿಗಲ್ಲ ಅಂಕಲ್, ಬೇಡ ಅಂದ. ಇವರು ಕೇಳಬೇಕಲ್ಲ! ಕಣ್ಣು ಮುಚ್ಚಿಕೊಂಡು ತಗೋಬಹುದು, ಅದು ನಾನು ಪಾಸ್ ಮಾಡಿದ್ದೇ ಇರಬೇಕು ಅಂತ ಕುಣಿದರು. ಕೈಗೆ ಏನಾದರೂ ಕೆಲಸ ಬೇಕು, ಸ್ಟೂಲು, ಪುಸ್ತಕದ ಗೂಡು ಮಾಡುತ್ತೇನೆ ಅಂದರು. ದುಡ್ಡು ಸುರಿದು ಬಂದಾರು ಅಂತ ನಾನೂ ಹೊರಟೆ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದಾಗಿನಿಂದ ಒಂದೇ ಮಾತು. ಮೊದಲು ಯಾರು ಅಂತ ಹೇಳುವುದಿಲ್ಲ, ಬಗ್ಗಿ ಅಕ್ಷರ ತೋರಿಸಿ, ಆಮೇಲೆ ನಾನೇ ಆ ಸೇತುರಾಮ ಅನ್ನುತ್ತೇನೆ, ನೋಡ್ತಿರು ಅಂದರು. ಮದುವೆ ಗಂಡಿನ ಹಾಗೆ ಕ್ರಾಪು ಬೇರೆ ಬಾಚಿಕೊಂಡಿದ್ದರು.

ಯಂತ್ರದ ಯಜಮಾನ ದೊಡ್ಡಣ್ಣ ಅಂತ, ಅದೇ ಊರಿನ ಹಳೆಯ ಒಕ್ಕಲು. ಜಮೀನು ಬಡಾವಣೆಗೆ ಹೋದಾಗ ಮನೆಯ ಪಕ್ಕ ಒಂದು ಶೆಡ್ ಹಾಕಿ ಬಾಗಿಲ ಚೌಕಟ್ಟು ಮಾಡುವ ಕೆಲಸ ಶುರು ಮಾಡಿದ್ದನಂತೆ. ಹೆಗಲ ಟವಲಿನ ತುದಿಯೊಳಗೆ ಬಲಗೈ ಇಟ್ಟುಕೊಂಡೇ ನಮ್ಮನ್ನು ಒಳಗೆ ಕರೆದ. ಇವರು ಗತ್ತಿನಿಂದ ಯಂತ್ರದ ಸುತ್ತ ಒಂದು ಸುತ್ತು ಹಾಕಿ, ಬದಿಯ ತಗಡಿನ ಧೂಳು ಒರೆಸಿ ಇಸವಿ ನೋಡಿದರು. ಅಲ್ಲಿಗೆ ಮಾತು ನಿಂತಿತು. ಎರಡು ಸಾವಿರದ ಹತ್ತು ಅಂತ ನಾನೂ ಓದಿದೆ.

ಅಚ್ಚಿಗೆ ಬೀಗ ಬಿದ್ದ ಮೇಲಿನದ್ದು, ಇವರ ಅಕ್ಷರ ಇರುವುದಿಲ್ಲವಲ್ಲ, ಪಾಪ, ತೋರಿಸೋಕೆ ಏನೂ ಇಲ್ಲದೆ ಹೋಯಿತು ಅಂದುಕೊಂಡೆ. ಇರಲಿ ಅಂತ ಮೊಬೈಲಿನ ಬೆಳಕು ಹಾಕಿ ಬಗ್ಗಲು ಹೋದೆ. ನಿನಗೆ ಸೊಂಟ ನೋವು, ಬಿಡು, ಅಂತ ಇವರು ತೋಳು ಹಿಡಿದರು. ಸೊಂಟ ನೋವಿದ್ದವಳಿಗೆ ಮೂರು ಹೊತ್ತು ನೆಲ ಒರೆಸುವಾಗ ಯಾರೂ ಬಿಡು ಅಂದಿರಲಿಲ್ಲ. ಕೊಸರಿಕೊಂಡು ಬಗ್ಗಿದೆ. ದೀರ್ಘದ ಬಾಲ ಮುಕ್ಕಾದ 'ಸೇ'. ನಾನು ದಿನಾ ಉಜ್ಜುವ ಚೊಂಬಿನ ಮೇಲಿರುವ ಅದೇ ಅಕ್ಷರ.

ಎದ್ದು ನಿಂತಾಗ ದೊಡ್ಡಣ್ಣ ಟವಲು ತೆಗೆದಿದ್ದ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟು ಏನೂ ಇರಲಿಲ್ಲ. ತಗೊಳ್ಳೋರಿಗೆ ಮುಚ್ಚಿಡಬಾರದು ಅಂತ ಅವನೇ ಹೇಳಿದ. ಹೊಸದಾಗಿ ತಂದು ಇನ್ನೂ ಮೂರು ತಿಂಗಳಾಗಿರಲಿಲ್ಲ, ಗರಗಸದ ಮೇಲಿನ ಗಾರ್ಡು ಹಿಡಿದಿದ್ದ ಕಬ್ಬಿಣದ ತುಂಡು ತಾನಾಗಿ ಮುರಿದು ಹಾರಿತು, ಗರಗಸ ಕೈ ಎಳೆದುಕೊಂಡಿತು. ಈಗ ಗಟ್ಟಿಯಾಗಿ ವೆಲ್ಡಿಂಗ್ ಮಾಡಿಸಿದ್ದೇನೆ, ಆದರೂ ನೋಡಿಕೊಂಡು ತಗೊಳ್ಳಿ ಅಂದ. ಓಡಿಸಿ ನೋಡಿದ್ದರೆ ಅಂಥ ತುಂಡು ಕಾರ್ಖಾನೆಯಲ್ಲೇ ಬೀಳುತ್ತಿತ್ತು ಅಂತ ಇವರೇ ನನಗೆ ನೂರು ಸಲ ಹೇಳಿದ್ದರು. ನಾನು ಇವರ ಮುಖ ನೋಡಿದೆ. ಇವರು ಗಾರ್ಡು ನೋಡುತ್ತಿದ್ದರು.

"ಕೆಳಗೆ 'ಸೇ' ಅಂತ ಹಾಕವ್ರಲ್ಲ ಸಾರ್," ಅಂದ ದೊಡ್ಡಣ್ಣ. "ಸೇಫ್ ಅಂತ ಇರ್ಬೇಕು ಅಂದ್ಕೊಂಡಿದ್ದೆ. ಕಂಪ್ನಿಯೋರು ನೋಡೇ ಹಾಕಿರ್ತಾರೆ ಅಂತ ನಂಬ್ಬಿಟ್ಟೆ."

ಈಗಲಾದರೂ ಬಾಯಿ ಬಿಡುತ್ತಾರೆ ಅಂದುಕೊಂಡೆ. ಕೆಟ್ಟರೆ ನನ್ನನ್ನು ಕೇಳಲಿ ಅಂತ ತಾನೇ ಅಕ್ಷರ ಮಾಡಿಸಿದ್ದು? ಕೇಳುವವನು ಎದುರಿಗೇ ನಿಂತಿದ್ದ.

"ಹೌದು," ಅಂದರು ನಮ್ಮನೆಯವರು. "ಸೇಫ್ ಅಂತಾನೇ ಇರ್ಬೇಕು."

ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವವರು ಅವತ್ತು ಕೇಳಿದಷ್ಟು ಕೊಟ್ಟರು. ದೊಡ್ಡಣ್ಣನ ಹೆಂಡತಿ ಬೋರಮ್ಮ ಮಜ್ಜಿಗೆ ಕೊಟ್ಟಳು. ಹೊರಡುವಾಗ ಮುತ್ತೈದೆ ಅಂತ ನನ್ನ ಹಣೆಗೆ ಕುಂಕುಮ ಇಟ್ಟು, ನಿಮ್ಮೆಜಮಾನ್ರಿಗೆ ಹುಷಾರಾಗಿ ಕೆಲಸ ಮಾಡೋಕೆ ಹೇಳಿ ಅಮ್ಮ ಅಂದಳು. ಆ ಕುಂಕುಮವನ್ನು ಒರೆಸಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ. ಟೆಂಪೊದಲ್ಲಿ ಇವರು ಡ್ರೈವರಿನ ಜೊತೆ ಟ್ರಾಫಿಕ್ಕಿನ ವಿಚಾರ ಮಾತಾಡಿಕೊಂಡು ಬಂದರು.

ಯಂತ್ರ ಈಗ ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ಬಿದ್ದಿದೆ. ಸ್ಟೂಲೂ ಇಲ್ಲ, ಪುಸ್ತಕದ ಗೂಡೂ ಇಲ್ಲ. ಒಮ್ಮೆಯೂ ಸ್ವಿಚ್ ಹಾಕಿಲ್ಲ. ನಾನೂ ಬಾಯಿ ತೆರೆಯಲಿಲ್ಲ. ಯಾಕೆ ಹೊಡೆದಿರಿ ಅಂತ ಕೇಳಿದರೆ ಮಕ್ಕಳು ಮರಿ ಇತ್ತು, ಹೆದರಿಕೆಯಾಯಿತು ಅನ್ನುತ್ತಾರೆ, ಗೊತ್ತು. ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರು ಹೆದರುವುದಿಲ್ಲ? ಹೆದರಿದ್ದೆ ಅಂತ ನನಗೊಬ್ಬಳಿಗೆ ಹೇಳಿದ್ದರೆ ನಾನು ಅಣ್ಣನ ಮನೆಯಲ್ಲಿ ಊಟ ಮುಗಿಸಿ ಏಳುತ್ತಿದ್ದೆ.

ಈ ಸಲದ ಆಯುಧಪೂಜೆಗೆ ಇವರು ಎಂದಿನಂತೆ ಮಡಿ ಉಟ್ಟು ಗೂಡಿನಿಂದ ಅಚ್ಚು ತೆಗೆದು ನನ್ನ ಮುಂದೆ ಹಿಡಿದರು. ನಾನು ಈಳಿಗೆ ಮಣೆಗೆ ಕುಂಕುಮ ಇಟ್ಟೆ, ಕತ್ತರಿಗೆ ಇಟ್ಟೆ, ಮಿಕ್ಸಿಗೂ ಇಟ್ಟೆ. ಇವರು ಹಿಡಿದೇ ನಿಂತಿದ್ದರು.

"ಅದಕ್ಯಾಕೆ ಕುಂಕುಮ?" ಅಂದೆ. "ಅದು ಸೇಫಾಗೇ ಇದೆಯಲ್ಲ."

ಇವರು ಅಚ್ಚನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲಿಗೆ ಹೋಗಿ ಟಿವಿ ಹಾಕಿದರು.