ಗುಂಡ್ಲುಪೇಟೆಯ ಹೆಸರಿಲ್ಲದ ಕಲ್ಲು

ಭಾನುವಾರ ಬೆಳಿಗ್ಗೆ ಏಳಕ್ಕೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಇಪ್ಪತ್ತೆರಡು ಮೈಲಿ, ಹದಿನಾಲ್ಕಾಣೆ ಟಿಕೆಟ್ಟು, ದಾರಿಯುದ್ದಕ್ಕೂ ಧೂಳು. ತೆರಕಣಾಂಬಿಯಲ್ಲಿ ಇಳಿದು ಇಡ್ಲಿ ತಿಂದು ಕಾಫಿ ಕುಡಿದೆ. ಹೊಟ್ಟೆ ತಣ್ಣಗಾಯಿತು, ಸಿಟ್ಟು ತಣ್ಣಗಾಗಲಿಲ್ಲ.

ಮೊನ್ನೆಯ ಚುನಾವಣೆಯಲ್ಲಿ ಹರದನಹಳ್ಳಿಯ ನಮ್ಮವ್ವನಿಗೆ ಓಟು ಹಾಕಲು ಬಿಡಲಿಲ್ಲ. ಓಟಿನ ಪಟ್ಟಿ ಬರೆಯಲು ಬಂದವನಿಗೆ ಅವಳು ತನ್ನ ಹೆಸರು ಹೇಳದೆ, ನಮ್ಮಣ್ಣನ ಹೆಸರು ಹಿಡಿದು ‘ಶಿವಣ್ಣನ ಅವ್ವ’ ಎಂದಿದ್ದಳು. ಸ್ವಂತ ಹೆಸರಿಲ್ಲವೆಂದು ಆಮೇಲೆ ಪಟ್ಟಿಯಿಂದ ಹೊಡೆದುಹಾಕಿದರು. ಗುಂಡ್ಲುಪೇಟೆಯಲ್ಲಿ ಮೂವತ್ತು ವರ್ಷದ ಹಿಂದೆಯೇ ಒಬ್ಬ ವಿಧವೆ ಹೆಂಗಸರಿಗೆ ಶಾಲೆ ನಡೆಸಿ, ಅಕ್ಷರಮಾಲೆಗಿಂತ ಮೊದಲು ಅವರವರ ಹೆಸರು ಬರೆಯಲು ಕಲಿಸುತ್ತಿದ್ದರಂತೆ. ಆಕೆಯ ಹೆಸರು ತಿಳಿದುಕೊಂಡು ಬಂದು, ನಾನು ಪಾಠ ಹೇಳುವ ತರಗತಿಯ ಹುಡುಗಿಯರಿಗೆ ಹೇಳಬೇಕೆಂದೇ ಹೊರಟಿದ್ದೆ.

ಆ ಶಾಲೆ ಈಗ ಈರುಳ್ಳಿ ಮಂಡಿ. ಬಾಗಿಲ ಪಕ್ಕದ ಕಲ್ಲಿನಲ್ಲಿ ‘ದಿವಂಗತ ಸಾಹುಕಾರ್ ಮಾದಪ್ಪನವರ ಧರ್ಮಪತ್ನಿಯವರ ಮಹಿಳಾ ಪಾಠಶಾಲೆ’ ಎಂದು ಕೆತ್ತಿತ್ತು. ಶಾಲೆ ಶುರುವಾಗುವ ಮೊದಲೇ ಸತ್ತ ಗಂಡನಿಗೆ ಹೆಸರು, ನಡೆಸಿದವರಿಗೆ ಬರೀ ಸಂಬಂಧ. ನನಗೆ ಮೈಯೆಲ್ಲ ಉರಿಯಿತು.

ಆಕೆಯ ಹೆಸರೇನೆಂದು ಮಂಡಿಯ ಯಜಮಾನರನ್ನು ಕೇಳಿದೆ.

“ಎಸ್ರು ಯಾರ್ಗೊತ್ತಮ್ಮ? ಸಾವ್ಕಾರ್ರ ಎಂಡ್ರು ಅಂದ್ರೆ ಊರ್ಗೆಲ್ಲ ತಿಳೀತದೆ. ನೀವ್ಯಾರು?”

“ಹರದನಹಳ್ಳಿ ಶಿವಣ್ಣನ ತಂಗಿ” ಎಂದುಬಿಟ್ಟೆ. ಮರುಗಳಿಗೆ ನನ್ನ ನಾಲಿಗೆಯ ಮೇಲೇ ಕೋಪ ಬಂತು.

ಮೂಲೆಯಲ್ಲಿ ಈರುಳ್ಳಿ ಆರಿಸುತ್ತಿದ್ದ ಮುದುಕಿ ನಕ್ಕಳು. ಅವಳು ಕೆಂಪಮ್ಮ, ಆ ಶಾಲೆಯಲ್ಲೇ ಕಲಿತವಳು.

“ನಂಗೆ ಬರ್ಯಕ್ಕೆ ಬರೋದು ಎಲ್ಡೇ ಎಸ್ರು ಕಣವ್ವ. ನಂದೊಂದು, ಅವ್ರದೊಂದು.”

ಮಂಡಿಯಲ್ಲಿ ಕಾಫಿ ಕಾಯಿಸುವ ಒಲೆಯಿಂದ ಇದ್ದಿಲು ತಂದು, ಕಲ್ಲಿನ ಕೆಳಗೆ ಗೋಡೆಯ ಮೇಲೆ ನಿಧಾನವಾಗಿ ‘ಪುಟ್ಟನಂಜಮ್ಮ’ ಎಂದು ಬರೆದಳು. ಒತ್ತಕ್ಷರ ಒಂದೂ ತಪ್ಪಲಿಲ್ಲ. ಅದರ ಕೆಳಗೆ ತನ್ನ ಹೆಸರು ಬರೆದು ಇದ್ದಿಲನ್ನು ನನ್ನ ಕೈಗೆ ಕೊಟ್ಟಳು. ನಾನು ನಮ್ಮವ್ವನ ಹೆಸರು ಬರೆದೆ. ಸಿದ್ದಮ್ಮ.

ಬಸ್ಸಿಗೆ ಹೊತ್ತಾಯಿತೆಂದು ಹೊರಟು, ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಯಜಮಾನರು ಒದ್ದೆ ಗೋಣಿಯಿಂದ ಗೋಡೆ ಉಜ್ಜುತ್ತಿದ್ದರು. ಜಗಳಕ್ಕೆಂದು ವಾಪಸು ಓಡಿದವಳನ್ನು ಕೆಂಪಮ್ಮ ಬಾಗಿಲಲ್ಲೇ ತಡೆದಳು.

“ಒರ್ಸ್ಕೊಳ್ಲಿ ಬುಡವ್ವ. ನಾಳಿಕೂ ನಾನು ಕೆಲ್ಸಕ್ ಬತ್ತೀನಿ. ಒಲೇಲಿ ಇದ್ಲೂ ಇರ್ತದೆ.”