ಪರದೆ ಹಿಂದಿನ ಮೀನೂಟ

ಏಳು ಕೆರೆಗಳಾಚೆ ಒಂದು ಊರಿತ್ತಂತೆ. ಆ ಊರಿನಲ್ಲೊಬ್ಬಳು ಅಡುಗೆಯವಳಿದ್ದಳಂತೆ. ಅವಳ ಕೈಯೂಟ ಉಣ್ಣಲು ಸುತ್ತಲ ಸೀಮೆಯ ಜನ ಬರುತ್ತಿದ್ದರು. ಆದರೆ ಉಣ್ಣುವವರ ಮುಖವನ್ನು ಅವಳು ನೋಡುವಂತಿರಲಿಲ್ಲ. ನೋಡಿದರೆ ತಟ್ಟೆಯಲ್ಲಿದ್ದ ಅನ್ನ ಮರಳಾಗಿಬಿಡುತ್ತಿತ್ತು. ಅದಕ್ಕೇ ಅವಳು ನಡುವೆ ಒಂದು ಹಳೇ ಸೀರೆ ಇಳಿಬಿಟ್ಟು, ಅದರ ಅಡಿಯಿಂದ ತಟ್ಟೆ ಸರಿಸುತ್ತಿದ್ದಳು. ಉಂಡವರು ಅವಳನ್ನು ಕಾಣಲಿಲ್ಲ, ಬಡಿಸಿದವಳು ಅವರನ್ನು ಕಾಣಲಿಲ್ಲ. ಹಾಗೇ ಎಷ್ಟೋ ವರ್ಷ ಎಲ್ಲರೂ ಸುಖವಾಗಿದ್ದರು.

ಅಜ್ಜಿಯ ಕತೆಯಾಗಿದ್ದರೆ ಈ ಹೊತ್ತಿಗೆ ಒಬ್ಬ ರಾಜಕುಮಾರ ಬರಬೇಕು. ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ಓಣಿಗೆ ಬಂದವರು ಹೊಲಿಗೆ ಮೆಷಿನ್ ರಿಪೇರಿಯ ಶಿವಮೂರ್ತಪ್ಪ.

ಆ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ತಗಡು ಹೊದಿಸಿದ ಒಂದು ಕೋಣೆ, ಮುಂದೆ ಎರಡು ಬೆಂಚು. ಬೋರ್ಡಿಲ್ಲ. ಯಾರನ್ನು ಕೇಳಿದರೂ ‘ದುರುಗಕ್ಕನ ಮೀನೂಟ’ ಎಂದು ಕೈ ತೋರಿಸುತ್ತಾರೆ. ಐವತ್ತು ದಾಟಿದ ದುರುಗಕ್ಕ ಬಾಗಿಲಲ್ಲಿ ಈಳಿಗೆಮಣೆ ಹಾಕಿಕೊಂಡು ಕೂತಿದ್ದಾರೆ. ಸೂಳೆಕೆರೆಯಲ್ಲಿ ಬಲೆ ಎಳೆದು ಬಂದ ಸಣ್ಣತಿಮ್ಮಪ್ಪ ಟಿವಿಎಸ್ ಗಾಡಿಯಿಂದ ಒದ್ದೆ ಚೀಲ ಇಳಿಸಿ ಮೀನು ಸುರಿಯುತ್ತಾರೆ. ದುರುಗಕ್ಕ ಒಂದೊಂದರ ಕಿವಿರು ಎತ್ತಿ ನೋಡಿ, ಒಂದನ್ನು ಅವರ ಕಾಲ ಬಳಿಗೇ ವಾಪಸ್ ಎಸೆಯುತ್ತಾರೆ.

“ಇದು ನಿನ್ನೇನೇ ಸತ್ತೈತೆ ತಿಮ್ಮಣ್ಣ. ಇದರ ತಿಥಿ ನಿನ್ ಮನೇಲೇ ಮಾಡ್ಕೋ.”

“ಬೆಳಗಾಗೆದ್ದು ನಿನ್ ಬಾಯಿಗೆ ಸಿಗೋದಕ್ಕಿಂತ ಆ ಮೀನಿನಂಗೆ ಬಲೆಗೆ ಸಿಗೋದೇ ವಾಸಿ ನೋಡವ್ವ,” ಅನ್ನುತ್ತಾ ಸಣ್ಣತಿಮ್ಮಪ್ಪ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ದಿನವೂ ಹತ್ತು ಹನ್ನೆರಡು ಕಿಲೋ ಮೀನು ಹೀಗೆ ಬರುತ್ತದೆ. ಇವತ್ತು ಅದರಲ್ಲಿ ಒಂದು ಗೆಂಡೆ ಬೇರೆ ಬೋಗುಣಿಗೆ ಹೋಗುತ್ತದೆ. ಇನ್ನೂ ಬಾಲ ಬಡಿಯುವ, ಎರಡು ಅಂಗೈ ಉದ್ದದ ಮೀನು. ಹತ್ತು ಗಂಟೆಯ ಬಸ್ಸಿಗೆ ನ್ಯಾಮತಿ ಕಡೆಯಿಂದ ಒಬ್ಬ ಹೆಂಗಸು ಬರುವವರಿದ್ದಾರೆ. ಅವರಿಗೆ ಒಂದೇ ಒಂದು ಮುಳ್ಳೂ ಇಲ್ಲದ ಗೆಂಡೆ ಊಟ ಬಡಿಸುತ್ತೇನೆಂದು ದುರುಗಕ್ಕ ಮಾತು ಕೊಟ್ಟು ವರ್ಷವಾಗುತ್ತಾ ಬಂತು.

ಗೆಂಡೆ ತಿಂದವರಿಗೆ ಈ ಮಾತಿನ ಭಾರ ಗೊತ್ತು. ನಡುಮೂಳೆ ಎಳೆದರೆ ದೊಡ್ಡ ಮುಳ್ಳು ಬರುತ್ತವೆ. ಮಾಂಸದೊಳಗೆ ಅಡಗಿ ಕೂತ ಕವಲು ಮುಳ್ಳು ಬರುವುದಿಲ್ಲ. ಕೂದಲಿನಷ್ಟು ಸಣ್ಣ, ತುದಿಯಲ್ಲಿ ಎರಡು ಸೀಳು. ನಾಲಿಗೆಗೆ ಸಿಗದೆ ಸೀದಾ ಗಂಟಲಿಗೆ ಇಳಿಯುತ್ತವೆ.

ದುರುಗಕ್ಕ ಜಗಳೂರು ಕಡೆಯವರು. ಅಲ್ಲಿ ಬಾವಿಯ ತಳದಲ್ಲಿ ನೀರು ಕಂಡರೆ ದೊಡ್ಡ ಮಾತು. ಮೀನು ಅಂದರೆ ಸಂತೆಯ ಒಣಮೀನು. ಮದುವೆಯಾಗಿ ಬಂದ ವರ್ಷ ಗಂಡ ಹನುಮಂತಪ್ಪ ಸೂಳೆಕೆರೆ ತೋರಿಸಲು ಕರೆದೊಯ್ದಾಗ, ಇಷ್ಟೊಂದು ನೀರನ್ನು ಯಾರು ಕಾಯುತ್ತಾರೆ ಎಂದು ಕೇಳಿದ್ದರಂತೆ. ಅದನ್ನೇ ಇವತ್ತಿಗೂ ಹೇಳಿ ಹನುಮಂತಪ್ಪ ನಗುತ್ತಾರೆ. ಗಲ್ಲಾ ಪೆಟ್ಟಿಗೆಯ ಮುಂದೆ ಕೂರುವ ಅವರಿಗೆ ಕಿವಿ ಮಂದ. ಮೀನು ಸೀಳುವುದು, ಹುಣಸೆಹುಳಿ ಹಿಂಡುವುದು, ಖಾರ ಅರೆಯುವುದು, ಮುದ್ದೆ ತಿರುವುವುದು, ಬಡಿಸುವುದು ಎಲ್ಲ ದುರುಗಕ್ಕನದೇ. ಖಾರ ಹತ್ತಿ ಹತ್ತಿ ಬೆರಳ ತುದಿಯ ಗೆರೆ ಅಳಿಸಿವೆ. ರೇಷನ್ ಅಂಗಡಿಯ ಮೆಷಿನ್ನು ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.

ಕೋಣೆಯ ಒಂದು ಮೂಲೆಗೆ ನೀಲಿ ತಾಡಪಾಲಿನ ಪರದೆ. ಮನೆಯಲ್ಲಿ ಮೀನು ಬೇಯಿಸದ, ಹೊರಗೆ ತಿನ್ನುವುದನ್ನು ಯಾರೂ ನೋಡಬಾರದೆನ್ನುವ ಗಿರಾಕಿಗಳಿಗೆ ಅದು. ಅವರು ಹಿತ್ತಿಲ ಬಾಗಿಲಿನಿಂದ ಬಂದು ಕೂರುತ್ತಾರೆ, ಉಂಡು ಹಾಗೇ ಹೋಗುತ್ತಾರೆ. ದುರುಗಕ್ಕ ಪರದೆಯಡಿಯಿಂದ ತಟ್ಟೆ ಸರಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ. “ಅವರು ನಮ್ಮನ್ನ ನಂಬಿ ಬರ್ತಾರೆ. ನಾಳೆ ಸಂತೇಲಿ ಎದುರಾದ್ರೆ ನನಗೆ ಗುರುತೇ ಸಿಗಬಾರದು. ಅದಕ್ಕೆ ಹಂಗೆ ಮಾಡಿದ್ದೆ,” ಎನ್ನುತ್ತಾರೆ. ಗುರುತಿದ್ದದ್ದು ಕೈಗಳದ್ದು ಮಾತ್ರ. ಬಳಪದ ಪುಡಿ ಹತ್ತಿದ ಕೈ, ಉಂಗುರ ಬಿಚ್ಚಿಟ್ಟು ಉಣ್ಣುವ ಕೈ, ಉಗುರಿನಲ್ಲಿ ಮೆಷಿನ್ ಎಣ್ಣೆ ಕಪ್ಪುಗಟ್ಟಿದ ಕೈ.

ಆ ಎಣ್ಣೆಗೈ ಶಿವಮೂರ್ತಪ್ಪನವರದು. ಚೀಲದಲ್ಲಿ ಸ್ಕ್ರೂ, ಸೂಜಿ, ಬೆಲ್ಟು ಹಾಕಿಕೊಂಡು ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದರು. ಈ ಕಡೆ ಬಂದಾಗ ಪರದೆಯ ಹಿಂದೆ ಕೂತು ಗೆಂಡೆ ಸಾರು, ಅನ್ನ ಉಂಡು ಹೋಗುತ್ತಿದ್ದರು. ಅವರ ಹೆಸರು ದುರುಗಕ್ಕನಿಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ.

“ಅವತ್ತು ಪರದೆ ಆಚೆ ಎರಡು ಸಲ ಕೆಮ್ಮಿದ್ದು ಕೇಳ್ತು,” ಎನ್ನುತ್ತಾರೆ. ಹೊರಗಿನ ಬೆಂಚಿನಲ್ಲಿ ಶಿವಮೂರ್ತಪ್ಪನವರ ಊರಿನವರೇ ಇಬ್ಬರು ಬಸ್ಸಿಗೆ ಕಾಯುತ್ತಾ ಕೂತಿದ್ದರು. ಕೆಮ್ಮು ತಟ್ಟನೆ ನಿಂತಿತು. “ಆಮೇಲೆ ಕೈ ಬಂತು. ಮಾತಿಲ್ಲ. ಬೆರಳು ಕೂಡಿಸಿ ಬರೀ ಅನ್ನ ಕೇಳ್ತು. ಒಂದು ಉಂಡೆ ಕಟ್ಟಿ ಕೊಟ್ಟೆ. ಮತ್ತೆ ಕೇಳ್ತು, ಮತ್ತೊಂದು ಕೊಟ್ಟೆ. ಮುಳ್ಳು ಒಳಗೆ ಹೋಗ್ಲಿ ಅಂತ ನುಂಗ್ತಾ ಇದ್ದಾರೆ ಅಂತ ಗೊತ್ತಿತ್ತು. ಪರದೆ ಸರಿಸಿದ್ರೆ ಆಗ್ತಿತ್ತು. ಸರಿಸಲಿಲ್ಲ.”

ಮುಳ್ಳು ಒಳಗೆ ಹೋಗಲಿಲ್ಲ, ಅನ್ನನಾಳಕ್ಕೆ ನೆಟ್ಟಿತು. ಮನೆಗೆ ಹೋದ ಶಿವಮೂರ್ತಪ್ಪ ಗಂಟಲು ಹಿಡಿದಿದೆ ಎಂದಷ್ಟೇ ಹೇಳಿದರು. ಹೆಂಡತಿ ಪುಷ್ಪಾವತಿ ಅರಿಸಿನ ಹಾಕಿ ಹಾಲು ಕಾಯಿಸಿಕೊಟ್ಟರು. ಜ್ವರ ಬಂದಾಗ ಊರ ಡಾಕ್ಟರ ಬಳಿ ಕರೆದೊಯ್ದರು. ಏನು ತಿಂದಿದ್ದಿರಿ ಎಂದು ಡಾಕ್ಟರು ಕೇಳಿದ್ದಕ್ಕೆ ಪಕ್ಕದಲ್ಲಿ ನಿಂತಿದ್ದ ಪುಷ್ಪಾವತಿಯೇ ರೊಟ್ಟಿ, ಪಲ್ಯ ಎಂದರು. ಶಿವಮೂರ್ತಪ್ಪ ತಲೆಯಾಡಿಸಿದರು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಎದೆಯೊಳಗೆ ಕೀವು ತುಂಬಿತ್ತು. ಮೀನಿನ ಮುಳ್ಳು ಎಂದು ಅಲ್ಲಿನವರು ಹೇಳಿದಾಗ ಪುಷ್ಪಾವತಿಗೆ ನಗುವೇ ಬಂದಿತ್ತಂತೆ. ನಮ್ಮ ಮನೆಗೆ ಮೀನು ಎಲ್ಲಿಂದ ಬರಬೇಕು, ಬೇರೆ ಯಾರದೋ ಸ್ಕ್ಯಾನಿಂಗ್ ಫೋಟೋ ನೋಡಿದ್ದೀರಿ ಎಂದು ವಾದ ಮಾಡಿದ್ದರು. ಹಾಸಿಗೆಯ ಮೇಲಿದ್ದ ಗಂಡ ಆ ವಾದವನ್ನು ಕೇಳಿಸಿಕೊಳ್ಳುತ್ತಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾಲ್ಕನೇ ದಿನ ಹೋಗಿಬಿಟ್ಟರು.

ಇತ್ತ ಚನ್ನಗಿರಿಯಲ್ಲಿ ಸುದ್ದಿ ಬೇರೆಯಾಗಿ ಹಬ್ಬಿತು. ದುರುಗಕ್ಕ ಕೊಳೆತ ಮೀನು ಹಾಕಿದಳಂತೆ, ಯಾರೋ ಸತ್ತರಂತೆ. ಬೆಂಚು ಖಾಲಿಯಾದವು. ಕೊಳೆತದ್ದಲ್ಲ, ಮುಳ್ಳು ಎಂದು ಹೇಳಿದರೆ ಅಪವಾದ ಕಳೆಯುತ್ತಿತ್ತು. ಹಾಗೆ ಹೇಳಿದರೆ ಯಾರ ಗಂಟಲು ಎಂದು ಮುಂದಿನ ಪ್ರಶ್ನೆ ಬರುತ್ತದೆ. ದುರುಗಕ್ಕ ಬಾಯಿ ಬಿಡಲಿಲ್ಲ. ಮಾಡಿದ ಸಾರನ್ನು ಎಷ್ಟೋ ಸಂಜೆ ಓಣಿಯ ನಾಯಿಗಳಿಗೆ ಹಾಕಿದರು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಪುಷ್ಪಾವತಿ ಆ ಸುದ್ದಿಯ ಜಾಡು ಹಿಡಿದು ಹುಡುಕಿಕೊಂಡು ಬಂದರು. ಬೆಂಚಿನ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಟ್ಟರು. ಆಸ್ಪತ್ರೆಯವರು ಕೊಟ್ಟದ್ದು. ಒಳಗೆ ಹತ್ತಿಯ ಮೇಲೆ ಒಂದು ಕವಲು ಮುಳ್ಳು.

“ಇದು ನಿಮ್ಮದೇನು ಅಂತ ಕೇಳಾಕೆ ಬಂದೀನಿ.”

ಗಲ್ಲಾದ ಕಡೆಯಿಂದ ಹನುಮಂತಪ್ಪ ಬೇಡ ಬೇಡವೆಂದು ಕೈಯಾಡಿಸುತ್ತಿದ್ದರು. ಪೊಲೀಸು, ಕೋರ್ಟು ಎಂದು ಅವರ ಭಯ. ದುರುಗಕ್ಕ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, “ನಮ್ಮದೇ ಅಮ್ಮ. ಗೆಂಡೆದು,” ಎಂದರು.

ಪುಷ್ಪಾವತಿ ಕೂಗಾಡಲಿಲ್ಲ. ಎಷ್ಟು ವರ್ಷದಿಂದ ಬರುತ್ತಿದ್ದರು, ಎಲ್ಲಿ ಕೂರುತ್ತಿದ್ದರು, ಏನು ಉಣ್ಣುತ್ತಿದ್ದರು ಎಂದು ಒಂದೊಂದಾಗಿ ಕೇಳಿದರು. ಆರೇಳು ವರ್ಷ ಎಂದಾಗ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಆಮೇಲೆ ತನಗೂ ಅದೇ ಊಟ ಬೇಕು, ಅದೇ ಜಾಗದಲ್ಲಿ ಎಂದರು.

“ಮೂವತ್ತು ವರ್ಷ ಸಂಸಾರ ಮಾಡೀನಿ. ನನ್ ಕೈಯಾಗೆ ಸಿಗದೇ ಇರೋ ರುಚಿ ಇಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಬೇಕು.”

ಒಲೆಯ ಮೇಲೆ ಸಾರಿತ್ತು. ದುರುಗಕ್ಕ ಸೌಟು ಹಿಡಿದರು, ಮತ್ತೆ ಕೆಳಗಿಟ್ಟರು. ಇವತ್ತು ಆಗುವುದಿಲ್ಲ, ಅವರ ವರ್ಷದ ಪೂಜೆಯೊಳಗೆ ಒಂದೂ ಮುಳ್ಳಿಲ್ಲದ ಗೆಂಡೆ ಬಡಿಸುತ್ತೇನೆ, ಅಲ್ಲಿಯವರೆಗೆ ತಡೆಯಿರಿ ಎಂದು ಕೇಳಿಕೊಂಡರು. ಮುಳ್ಳು ಕಡಿಮೆಯಿರುವ ಬೇರೆ ಮೀನು ಕೊಡು, ಆಕೆಗೇನು ಗೊತ್ತಾಗುತ್ತದೆ ಎಂದು ಸಣ್ಣತಿಮ್ಮಪ್ಪ ಸಲಹೆ ಕೊಟ್ಟಾಗ ಅವರ ಮೇಲೇ ರೇಗಿದರು. “ಆಕಿಗೆ ಒಂದು ಸಲ ಮೋಸ ಆಗೈತೆ. ಎರಡನೇದು ನಾನು ಮಾಡಲ್ಲ. ಇನ್ನೊಂದು ಮುಳ್ಳು ಆ ಮನೆಗೆ ಹೋದ್ರೆ ನಾನು ಮತ್ತೆ ಒಲೆ ಹಚ್ಚಲ್ಲ.”

ಆಗ ಬಂದದ್ದು ಅರ್ಪಿತಾಳ ಮೊಬೈಲು. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಈ ಹುಡುಗಿ, ಊರೆಲ್ಲ ಬಿಟ್ಟಾಗಲೂ ಮುಂದಿನ ಬೆಂಚಿನಲ್ಲೇ ಕೂತು ಉಣ್ಣುತ್ತಿದ್ದ ಗಿರಾಕಿ. ಬೆಂಗಳೂರಿಗೆ ಟ್ರೈನಿಂಗಿಗೆ ಹೋದಾಗ ಗೆಳತಿಯರು ಅವಳನ್ನು ಜಪಾನಿ ಊಟದ ಅಂಗಡಿಗೆ ಕರೆದೊಯ್ದಿದ್ದರು. ಸುಶಿ ಅಂತೆ. ಹೆಬ್ಬೆರಳು ಗಾತ್ರದ ತಣ್ಣನೆ ಅನ್ನ, ಮೇಲೊಂದು ಹಸಿ ಮೀನಿನ ಚೂರು. ಅರ್ಧ ಹೊಟ್ಟೆಯಲ್ಲಿ ಎದ್ದು ಬಂದು ಹಾಸ್ಟೆಲಿನಲ್ಲಿ ಚಿತ್ರಾನ್ನ ತಿಂದೆ ಎಂದು ಅರ್ಪಿತಾ ಹೇಳಿದಾಗ, ಒಗ್ಗರಣೆಯೂ ಇಲ್ಲವೇ ಎಂದು ದುರುಗಕ್ಕ ಮರುಗಿದರು. ಗ್ಯಾಸಾದರೂ ಉಳಿಯಿತಲ್ಲ ಎಂದರು ಹನುಮಂತಪ್ಪ.

ಅವಳ ಮೊಬೈಲಿನಲ್ಲಿದ್ದ ಆ ಅಂಗಡಿಯ ವಿಡಿಯೋದಲ್ಲಿ ಅಡುಗೆಯವನು ಗಿರಾಕಿಗಳ ಎದುರಿಗೇ ನಿಂತು ಮೀನು ಸೀಳುತ್ತಿದ್ದ. ನಡುವೆ ಬರೀ ಒಂದು ಹಲಗೆ. ಚೂರು ಬಾಯಿಗೆ ಹೋಗುವಾಗ ಉಣ್ಣುವವರ ಮುಖವನ್ನೇ ನೋಡುತ್ತಿದ್ದ. ಅಷ್ಟನ್ನೇ ದುರುಗಕ್ಕ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಮಾರನೇ ದಿನ ಒಲೆಯನ್ನು ಕಿತ್ತು ಪರದೆಯ ಒಳಬದಿಗೆ ಹಾಕಿದರು. ಈಗ ಪರದೆಯ ಹಿಂದೆ ಯಾರೇ ಉಂಡರೂ ಎದುರಿಗೆ ದುರುಗಕ್ಕ ಕೂತಿರುತ್ತಾರೆ. ಅದನ್ನು ಕಂಡು ಹಳೆಯ ಗಿರಾಕಿಗಳಲ್ಲಿ ಎಷ್ಟೋ ಮಂದಿ ಬರುವುದು ಬಿಟ್ಟರು. ಉಂಗುರದ ಕೈ ಬರುವುದಿಲ್ಲ. ಬಳಪದ ಕೈ ಒಂದು ದಿನ ಬಂದು, ನೋಡಿ, ಬಾಗಿಲಿಂದಲೇ ತಿರುಗಿತು.

ಆ ಜಪಾನಿಯವನನ್ನು ನೋಡಿ ದುರುಗಕ್ಕ ಬೆನ್ನುಮೂಳೆಗುಂಟ ಚೂರಿ ಆಡಿಸುವುದನ್ನು ಕಲಿತರು. ಕವಲು ಮುಳ್ಳಿನ ಉಪಾಯ ಅವನಲ್ಲಿರಲಿಲ್ಲ. ಅವನ ಮೀನು ಸಮುದ್ರದ್ದು, ಅದಕ್ಕೆ ಆ ಮುಳ್ಳೇ ಇಲ್ಲ. ಮೀನನ್ನು ಅರೆಬೇಯಿಸಿ, ಪದರ ಪದರ ಬಿಡಿಸಿ, ಫ್ಯಾನ್ಸಿ ಸ್ಟೋರಿನ ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ಎಳೆಯುವುದನ್ನು ಅವರೇ ಕಂಡುಕೊಂಡರು. ಮೊದಮೊದಲು ಎಲ್ಲ ಹಿಟ್ಟಾಯಿತು. ಹಿಟ್ಟಿನೊಳಗೂ ಮುಳ್ಳು ಸಿಕ್ಕಿತು. ಮೊದಲ ತುತ್ತು ತಮಗೆ, ಎರಡನೆಯದು ಗಂಡನಿಗೆ. “ವರ್ಷದಿಂದ ನನಗೆ ಪುಡಿ ಮೀನೇ ಗತಿ. ಹಲ್ಲಿದ್ದೂ ಕೂಸು ಮಾಡ್ಯಾಳೆ ನನ್ನ,” ಎಂದು ಹನುಮಂತಪ್ಪ ಗಿರಾಕಿಗಳ ಮುಂದೆ ದೂರುತ್ತಾರೆ.

ಇವತ್ತಿನ ಗೆಂಡೆ ಬೆಳಗ್ಗೆ ಏಳಕ್ಕೇ ಅರೆಬೆಂದಿದೆ. ದುರುಗಕ್ಕ ಬಾಗಿಲ ಬಿಸಿಲಿನಲ್ಲಿ ತಟ್ಟೆ ಇಟ್ಟುಕೊಂಡು, ಯಾರ ಜೊತೆಗೂ ಮಾತಾಡದೆ ಮುಳ್ಳು ತೆಗೆಯುತ್ತಾರೆ. ತೆಗೆದಾದ ಮೇಲೆ ಒಂದೊಂದು ಎಸಳನ್ನೂ ಬೆರಳ ನಡುವೆ ಒತ್ತುತ್ತಾರೆ. ಗೆರೆ ಅಳಿಸಿದ ಬೆರಳಿನ ಮೇಲೆ ನಂಬಿಕೆ ಸಾಲದೆ ತುಟಿಗೂ ಒತ್ತಿ ನೋಡುತ್ತಾರೆ. ಸಾರು ಕುದಿಸಿ, ಕೊನೆಗೆ ಮೀನು ಬಿಡುತ್ತಾರೆ.

ಬಸ್ಸು ತಡವಾಗಿ ಬರುತ್ತದೆ. ಪುಷ್ಪಾವತಿ ಒಬ್ಬರೇ ಬಂದಿದ್ದಾರೆ. ದೇವಸ್ಥಾನಕ್ಕೆಂದು ಮನೆಯಲ್ಲಿ ಹೇಳಿ ಬಂದಿದ್ದಾರಂತೆ. ದುರುಗಕ್ಕ ಪರದೆ ಎತ್ತಿ ಕಟ್ಟಲು ಹೋದರೆ, ಇಳಿದೇ ಇರಲಿ, ಅವರು ಹೇಗೆ ಕೂತಿದ್ದರೋ ಹಾಗೇ ಎನ್ನುತ್ತಾರೆ. ಗಂಡ ಕೂರುತ್ತಿದ್ದ ಮಣೆಯ ಮೇಲೆ ಗೋಡೆಗೆ ಒರಗದೆ ಕೂರುತ್ತಾರೆ. ದುರುಗಕ್ಕ ಅನ್ನ ಬಡಿಸಿ, ಸಾರು ಬಿಟ್ಟು, ಎದುರಿಗೆ ಕೂತು ಅವರ ಗಂಟಲನ್ನೇ ನೋಡುತ್ತಾರೆ.

ಮೊದಲ ತುತ್ತಿಗೆ ಪುಷ್ಪಾವತಿಗೆ ಓಕರಿಕೆ ಬರುತ್ತದೆ. ನೀರು ಕುಡಿದು, ಕಣ್ಣು ಮುಚ್ಚಿ ಅದನ್ನು ನುಂಗುತ್ತಾರೆ. ಎರಡನೆಯದನ್ನು ಅಗಿಯುತ್ತಾರೆ. ಮೂರನೆಯದನ್ನು ನಿಧಾನವಾಗಿ, ಏನನ್ನೋ ಹುಡುಕುವವರಂತೆ.

“ಇಷ್ಟೇನಾ?” ಎನ್ನುತ್ತಾರೆ.

“ಇಷ್ಟೇ ಅಮ್ಮ,” ಎನ್ನುತ್ತಾರೆ ದುರುಗಕ್ಕ.

ಪರದೆಯ ಆಚೆ ಯಾರೋ ಮುದ್ದೆ ಕೇಳುತ್ತಾರೆ. ಹನುಮಂತಪ್ಪನಿಗೆ ಅದು ಕೇಳಿಸುವುದಿಲ್ಲ. ದುರುಗಕ್ಕ ಏಳುವುದಿಲ್ಲ. ಪುಷ್ಪಾವತಿ ಅನ್ನ ಕಲಸುತ್ತಾ ತಲೆಯೆತ್ತದೆ ಹೇಳುತ್ತಾರೆ:

“ಮನೇಲಿ ಮಾಡು ಅಂದಿದ್ರೆ ಬೈತಿದ್ದೆ. ನಾಲ್ಕು ದಿನ ಮಾತು ಬಿಡ್ತಿದ್ದೆ. ಆಮೇಲೆ ಮಾಡ್ತಿದ್ದೆ.”

ತಟ್ಟೆಯಲ್ಲಿದ್ದದ್ದನ್ನೆಲ್ಲ ಅವರು ಉಣ್ಣುತ್ತಾರೆ. ಕೊನೆಯ ತುತ್ತು ಇಳಿದು, ಮೇಲೆ ನೀರು ಇಳಿದು, ಅವರು ಕೈ ತೊಳೆಯಲು ಹಿತ್ತಿಲಿಗೆ ಎದ್ದು ಹೋದ ಮೇಲೆ ದುರುಗಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅಂಚಿನ ಸುತ್ತ ಒಂದು ಸಲ, ನಡುವೆ ಒಂದು ಸಲ ಬೆರಳಾಡಿಸುತ್ತಾರೆ. ಏನೂ ತಗಲುವುದಿಲ್ಲ.